ಟೆಸ್ಟ್ ಎಲ್ಲಾ ನಾರ್ಮಲ್, ಆದ್ರೂ ಏಳೋಕಾಗಲ್ಲ

ಪ್ರಶ್ನೆ: ಮೇಡಂ, ನನ್ನ ಹೆಂಡ್ತಿಗೆ ಎಂಇ/ಸಿಎಫ್‌ಎಸ್ (ಬಿಡದೇ ಕಾಡೋ ವಿಪರೀತ ಸುಸ್ತಿನ ಕಾಯಿಲೆ) ಅಂತ ಡಾಕ್ಟ್ರು ಹೇಳಿದಾರೆ, ಒಂದಿನ ಬಟ್ಟೆ ಒಗೆದ್ರೆ ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲ್ಲ, ಅಮ್ಮ ಸೋಮಾರಿತನ ಅಂತಾರೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋ ಹರಕೆ ಹೊತ್ತಿದಾಳೆ, ಹತ್ತಿಸ್ಲಾ?
ಓದುಗ, ಮಂಡ್ಯ

ಉತ್ತರ: ದಯವಿಟ್ಟು ಬೇಡ, ಸಾವಿರ ಮೆಟ್ಲು ಅದು. ಈ ಕಾಯಿಲೇಲಿ ಸುಸ್ತು ಅವತ್ತೇ ಬರ್ಬೇಕು ಅಂತಿಲ್ಲ, ಒಂದೆರಡು ದಿನ ಬಿಟ್ಟು ಕೆಡವುತ್ತೆ, ನಿದ್ದೆ ಮಾಡಿದ್ರೂ ಹೋಗಲ್ಲ, ತಲೆ ಮಂಕಾಗುತ್ತೆ. ಸೋಮಾರಿತನ ಖಂಡಿತ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಇದನ್ನ ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಜಾಸ್ತಿ ಮಾಡ್ಸೋ ಹಳೇ ಪದ್ಧತೀನ ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರ್ಬೇಕು ಅಂತ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ಅಮ್ಮನಿಗೆ ಇದನ್ನ ನೀವೇ ಕೂತು ಹೇಳಿ, ಹೆಂಡ್ತಿ ಕೈಲಿ ಹೇಳಿಸ್ಬೇಡಿ, ಪಾಪ ಅದಕ್ಕೂ ಶಕ್ತಿ ಬೇಕಲ್ಲ. ತರಕಾರಿ ಕೂತ್ಕೊಂಡೇ ಹೆಚ್ಲಿ, ಸ್ನಾನಕ್ಕೆ ಸ್ಟೂಲ್ ಹಾಕಿ, ಬಕೆಟ್ ನೀವೆತ್ತಿ, ಇವತ್ತು ಚೆನ್ನಾಗಿದೀನಿ ಅಂದ ದಿನಾನೇ ಜಾಸ್ತಿ ಹುಷಾರಾಗಿರಿ. ಹರಕೆ ಬಿಡಿ ಅಂತ ನಾನ್ ಹೇಳಲ್ಲ, ಇಂಥ ಹೊತ್ತಲ್ಲಿ ಆ ತಾಯಿ ಮೇಲಿನ ನಂಬಿಕೆ ದೊಡ್ಡ ಆಸರೆ. ಬೆಟ್ಟಕ್ಕೆ ಬಸ್ಸಿದೆ, ಆಷಾಢದ ನೂಕುನುಗ್ಗಲು ಮುಗಿದ್ಮೇಲೆ ಕರ್ಕೊಂಡ್ ಹೋಗಿ, ಮೆಟ್ಲಿಗೆ ಅರಿಶಿನ ಕುಂಕುಮ ಹಚ್ತಾ ಅವ್ರ ಪರವಾಗಿ ನೀವೇ ಹತ್ತಿ.