ಶೀಘ್ರ ಸ್ಖಲನಕ್ಕೆ ಚಿಕಿತ್ಸೆ ಇದೆ

ಪ್ರಶ್ನೆ: ನನಗೆ 29 ವರ್ಷ, ಇಳಕಲ್ಲಿನಲ್ಲಿ ನೇಕಾರಿಕೆ ಮಾಡುತ್ತೇನೆ. ಮದುವೆಯಾಗಿ ಎರಡು ವರ್ಷವಾಯಿತು. ಮೊದಲಿನಿಂದಲೂ ಹೆಂಡತಿಯೊಡನೆ ಸೇರಿದ ಅರ್ಧ ನಿಮಿಷದೊಳಗೇ ಸ್ಖಲನವಾಗುತ್ತದೆ. ಹುಡುಗತನದ ಹಸ್ತಮೈಥುನದಿಂದ ನರಗಳು ಸೋತಿವೆ ಎಂದು ರಸ್ತೆಬದಿಯ ಡೇರೆಯವರು ಪುಡಿ ಕೊಟ್ಟರು, ಗುಣ ಕಾಣಲಿಲ್ಲ. ಹೆಂಡತಿ ಏನೂ ಅನ್ನುವುದಿಲ್ಲ, ಆದರೆ ನಾನೇ ಈಗ ದೂರ ಮಲಗುತ್ತೇನೆ. ಊರ ಡಾಕ್ಟರಿಗೆ ಹೇಳಿದರೆ ಸುದ್ದಿ ಹರಡೀತೆಂಬ ಭಯ. ನಮಗೆ ಮಕ್ಕಳಾಗುವವೇ?
– ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಉತ್ತರ: ಹಸ್ತಮೈಥುನದಿಂದ ನರ ಸೋಲುವುದಿಲ್ಲ, ವೀರ್ಯ ಹೋದರೆ ಶಕ್ತಿಯೂ ಹೋಗುವುದಿಲ್ಲ. ಈ ಸುಳ್ಳನ್ನು ಹೇಳಿ ಹೆದರಿಸಿ ಹಣ ಕೀಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧವೆಂದು ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆ ಪುಡಿಯನ್ನು ಇಂದೇ ನಿಲ್ಲಿಸಿ. ಅದರಲ್ಲಿ ಏನು ಬೆರೆಸಿದ್ದಾರೆಂಬುದನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ನೀವು ಹೇಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ, ಅನೇಕ ಗಂಡಸರನ್ನು ಕಾಡುವ ತೊಂದರೆ. ಸಂಪರ್ಕ ಆರಂಭವಾದ ಸುಮಾರು ಒಂದು ನಿಮಿಷದೊಳಗೆ ಸ್ಖಲನವಾಗುವುದು, ಅದನ್ನು ತಡೆಯಲಾಗದಿರುವುದು, ಅದರಿಂದ ಮನಸ್ಸು ನೋಯುವುದು, ಈ ಮೂರೂ ಮೊದಲ ಅನುಭವದಿಂದಲೇ ಇದ್ದರೆ ಅದನ್ನು ಆಜೀವ ಶೀಘ್ರ ಸ್ಖಲನ ಎನ್ನುತ್ತಾರೆ. ಕೆಲವರಿಗೆ ಮೊದಲು ಸರಿಯಿದ್ದು ನಂತರ ಶುರುವಾಗುತ್ತದೆ. ಅಂಥವರಲ್ಲಿ ಥೈರಾಯ್ಡ್ ಅತಿಯಾಗಿರುವುದು, ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ನಿಮಿರುವಿಕೆಯ ತೊಂದರೆ ಅಥವಾ ಆತಂಕವನ್ನು ಹುಡುಕಬೇಕಾಗುತ್ತದೆ. ಸಂಪರ್ಕ ಅರ್ಧ ಗಂಟೆ ನಡೆಯಬೇಕೆಂದು ಜನ ಆಡುವ ಮಾತನ್ನೂ ಬಿಡಿ. ಐದು ದೇಶಗಳ ದಂಪತಿಗಳಲ್ಲಿ ಕಾಲ ಅಳೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಮ ಅವಧಿ 5.4 ನಿಮಿಷವಷ್ಟೇ ಇತ್ತು.

ಮನೆಯಲ್ಲಿ ಇಂದಿನಿಂದಲೇ ಮಾಡಬಹುದಾದದ್ದು 1956ರಲ್ಲಿ ವೈದ್ಯ ಸೀಮನ್ಸ್ ವಿವರಿಸಿದ ನಿಲ್ಲಿಸಿ ಮುಂದುವರಿಸುವ ಅಭ್ಯಾಸ: ಇನ್ನೇನು ಸ್ಖಲನವಾಗುತ್ತದೆ ಅನ್ನಿಸುವ ಮುಂಚೆಯೇ ಉದ್ರೇಕ ನಿಲ್ಲಿಸಿ, ಆ ಒತ್ತಡ ಇಳಿದ ಮೇಲೆ ಮತ್ತೆ ಆರಂಭಿಸುವುದು. ಮೊದಲು ಕೈಯಿಂದ, ಹತೋಟಿ ಬಂದ ಮೇಲೆ ಸಂಪರ್ಕದಲ್ಲಿ. ಇದಕ್ಕೆ ವಾರಗಳ ತಾಳ್ಮೆ ಬೇಕು, ಹೆಂಡತಿಯ ಸಹಕಾರವೂ ಬೇಕು. ಆದ್ದರಿಂದ ದೂರ ಮಲಗುವುದನ್ನು ಬಿಟ್ಟು, ಅವರೊಂದಿಗೆ ಬಾಯಿಬಿಟ್ಟು ಮಾತಾಡಿ. ನೀವು ಕಾರಣ ಹೇಳದೆ ದೂರ ಸರಿದಾಗ, ತಪ್ಪು ತಮ್ಮದೇ ಎಂದು ಅವರು ಒಳಗೊಳಗೇ ನೊಂದಿರಬಹುದು.

ನಿಮ್ಮಂತೆ ಮೊದಲಿನಿಂದಲೂ ಇರುವವರಿಗೆ ಹಲವು ಬಾರಿ ಔಷಧವೂ ಬೇಕಾಗುತ್ತದೆ. ಬೇಕಾದಾಗ ಸಂಪರ್ಕಕ್ಕೆ ಒಂದರಿಂದ ಮೂರು ಗಂಟೆ ಮುಂಚೆ ನುಂಗುವ ಡಾಪಾಕ್ಸೆಟಿನ್ ಇದೆ, ದಿನವೂ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿವೆ, ಸ್ಪರ್ಶಜ್ಞಾನ ತಗ್ಗಿಸುವ ಮುಲಾಮುಗಳಿವೆ. ಮುಲಾಮನ್ನು ಸಂಪರ್ಕಕ್ಕೆ ಮುಂಚೆ ತೊಳೆಯದಿದ್ದರೆ ಅಥವಾ ಕಾಂಡೋಮ್ ಧರಿಸದಿದ್ದರೆ ಹೆಂಡತಿಗೂ ಮರಗಟ್ಟುತ್ತದೆ. ಡಾಪಾಕ್ಸೆಟಿನ್‌ನಿಂದ ವಾಕರಿಕೆ, ತಲೆಸುತ್ತು, ಕೆಲವೊಮ್ಮೆ ಮೂರ್ಛೆ ಬರಬಹುದು. ಹೃದಯದ ಕಾಯಿಲೆಯಿದ್ದವರಿಗೆ ಅಪಾಯ, ಮದ್ಯದೊಂದಿಗೆ ಕೂಡದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ ಇದು. ಸ್ನೇಹಿತರು ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಟ್ಟರಂತೂ ಮುಟ್ಟಬೇಡಿ, ಅದು ಚಟ ಹಿಡಿಸುತ್ತದೆ.

ಊರಲ್ಲಿ ತೋರಿಸಲು ಮುಜುಗರವಾದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿನ ಮನೋವೈದ್ಯ ಅಥವಾ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಕ್ಕೆ, ಸಾಧ್ಯವಾದರೆ ಹೆಂಡತಿಯೊಂದಿಗೆ ಹೋಗಿ. ಚೀಟಿ ಮಾಡಿಸುವಾಗ ಕಾರಣ ವಿವರಿಸಬೇಕಿಲ್ಲ, ವಿಭಾಗದ ಹೆಸರು ಹೇಳಿದರೆ ಸಾಕು. ರೋಗಿಯ ಮಾತನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಎದುರು ಕೂತು ಹೇಳುವ ಧೈರ್ಯ ಸಾಲದಿದ್ದರೆ ಮೊದಲು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮನಸ್ಸಿನ ಭಾರ ಹೇಳಿಕೊಳ್ಳಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಕ್ಕಳ ವಿಷಯ. ಯೋನಿಯೊಳಗೆ ಸ್ಖಲನವಾಗುತ್ತಿದ್ದರೆ, ಅದು ಬೇಗ ಆಯಿತೆಂಬ ಕಾರಣಕ್ಕೆ ಗರ್ಭ ನಿಲ್ಲದಿರುವುದಿಲ್ಲ. ಗರ್ಭನಿರೋಧಕವಿಲ್ಲದೆ ಒಂದು ವರ್ಷ ನಿಯಮಿತವಾಗಿ ಸೇರಿಯೂ ಗರ್ಭ ನಿಂತಿಲ್ಲವೆಂದರೆ ಇಬ್ಬರೂ ಒಟ್ಟಿಗೆ ತಪಾಸಣೆ ಮಾಡಿಸಿಕೊಳ್ಳಬೇಕು, ನಿಮ್ಮ ವೀರ್ಯ ಪರೀಕ್ಷೆಯಿಂದಲೇ ಆರಂಭಿಸಿ.