ನಲವತ್ತು ದಾಟಿದವರಿಗೆ ಓದು-ಬರಹ ಕಲಿಸಿ ಏನು ಪ್ರಯೋಜನ? ತರಗತಿ ನಡೆಸುವುದಾದರೆ ಹೇಗೆ?

ನೀವು ಕೇಳಿರುವುದು ಎರಡು ವಿಷಯ. ನಲವತ್ತು-ಐವತ್ತು ದಾಟಿದವರಿಗೆ ಅಕ್ಷರ ಕಲಿಸುವುದರಿಂದ ನಿಜಕ್ಕೂ ಪ್ರಯೋಜನ ಇದೆಯೇ? ಇದ್ದರೆ ನಾಲ್ಕೈದು ಜನ ಸ್ವಯಂಸೇವಕರು ಸೇರಿ ಸಂಜೆ ತರಗತಿ ನಡೆಸುವುದು ಹೇಗೆ? ಪ್ರಯೋಜನ ಖಂಡಿತ ಇದೆ. ಆದರೆ ತರಗತಿ ನಡೆದ ಮಾತ್ರಕ್ಕೆ ಅದು ಸಿಗುವುದಿಲ್ಲ. ಔಷಧದ ಚೀಟಿ, ಸಾಲದ ಪತ್ರ, ಕೂಲಿಯ ಲೆಕ್ಕ, ಮಗುವಿನ ಶಾಲೆಯಿಂದ ಬಂದ ಸೂಚನೆ, ಇಂಥ ಯಾವುದೋ ಒಂದು ಕಾಗದವನ್ನು ಇನ್ನೊಬ್ಬರ ಕೈಗೆ ಕೊಡದೆ ತಾವೇ ಓದಿ ತೀರ್ಮಾನಿಸಿದ ದಿನ ಸಿಗುತ್ತದೆ. ಆ ದಿನವನ್ನು ಕಣ್ಣಮುಂದೆ ಇಟ್ಟುಕೊಂಡು ಪಾಠ ಕಟ್ಟಿ ಎಂಬುದೇ ನನ್ನ ಮುಖ್ಯ ಮಾತು.

‘ಈ ವಯಸ್ಸಲ್ಲಿ ತಲೆಗೆ ಹತ್ತುವುದಿಲ್ಲ’ ಅನ್ನುವುದನ್ನು ಮೊದಲು ನೋಡೋಣ. ವಯಸ್ಸಾದಂತೆ ಹೊಸದನ್ನು ಕಲಿಯುವ ವೇಗ ಕುಗ್ಗುತ್ತದೆ, ನಿಜ. ಆದರೆ ಪದಸಂಪತ್ತು ಮತ್ತು ಲೋಕಜ್ಞಾನ ಇಳಿವಯಸ್ಸಿನವರೆಗೂ ಚೆನ್ನಾಗಿಯೇ ಉಳಿಯುತ್ತವೆ, ಓದು ಕಲಿಯುವವರಿಗೆ ಇವೇ ದೊಡ್ಡ ಬಂಡವಾಳ. ಕೊಲಂಬಿಯಾದಲ್ಲಿ ಬಂದೂಕು ಕೆಳಗಿಟ್ಟು ಸಮಾಜಕ್ಕೆ ಮರಳಿದ ಮಾಜಿ ಗೆರಿಲ್ಲಾಗಳ ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ವಯಸ್ಕರಾದ ಮೇಲೆ ಓದು ಕಲಿತವರನ್ನು ಇನ್ನೂ ಕಲಿಯದವರ ಜೊತೆ ಹೋಲಿಸಿದಾಗ, ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ಭಾಗದಲ್ಲೇ ವ್ಯತ್ಯಾಸ ಕಂಡಿತು.

ತಲೆಗಿಂತ ಹೆಚ್ಚಾಗಿ ಅಡ್ಡಬರುವುದು ಕಣ್ಣು. ನಲವತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಹತ್ತಿರದ ದೃಷ್ಟಿ ಮಂಕಾಗತೊಡಗುತ್ತದೆ. ಓದದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ಸೂಜಿಗೆ ದಾರ ಪೋಣಿಸಲು ಕಷ್ಟವೇ ಎಂದು ಕೇಳಿ, ಗೊತ್ತಾಗುತ್ತದೆ. ಕಣ್ಣಿನ ತಪಾಸಣೆ ಮೊದಲ ವಾರದಲ್ಲೇ ಆಗಲಿ. ಅನೇಕರಿಗೆ ಓದುವ ಕನ್ನಡಕವೊಂದು ಸಾಕು. ಅಕ್ಷರದ ಗಾತ್ರ 20 ಪಾಯಿಂಟ್‌ಗಿಂತ ಕಡಿಮೆ ಬೇಡ, ಬೆಳಕು ಪಕ್ಕದಿಂದ ಪುಸ್ತಕದ ಮೇಲೆ ಬೀಳಬೇಕು. ಇದನ್ನು ಬಿಟ್ಟು ಪಾಠಕ್ರಮದ ಚರ್ಚೆ ಮಾಡುತ್ತಾ ಕೂತರೆ ಅರ್ಧ ತರಗತಿ ಕಾಣದ ಅಕ್ಷರಗಳ ಜೊತೆ ಗುದ್ದಾಡಿ ಸುಸ್ತಾಗಿ ಮನೆಗೆ ಹೋಗುತ್ತದೆ.

ಏನು ಕಲಿಸಬೇಕೆಂಬುದನ್ನು ಅವರನ್ನೇ ಕೇಳಿ. ಅಮೆರಿಕದ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ 1957ರಲ್ಲಿ ಕಪ್ಪು ಜನರಿಗಾಗಿ ಒಂದು ‘ಪೌರತ್ವ ಶಾಲೆ’ ಶುರುವಾಯಿತು. ಅಲ್ಲಿ ಆಗ ಓದಲು ಬಾರದವರು ಮತದಾರರಾಗಿ ನೋಂದಾಯಿಸಿಕೊಳ್ಳುವಂತಿರಲಿಲ್ಲ. ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಸೆಪ್ಟಿಮಾ ಕ್ಲಾರ್ಕ್ ಮತ್ತು ಜೊತೆಗಾರರು ಕಲಿಸಲು ಆರಿಸಿದ್ದು ಬರ್ನಿಸ್ ರಾಬಿನ್ಸನ್ ಅವರನ್ನು. ಅವರು ವೃತ್ತಿಯಿಂದ ಕೇಶವಿನ್ಯಾಸ ಮಾಡುವವರು, ತರಬೇತಿ ಪಡೆದ ಶಿಕ್ಷಕಿಯಲ್ಲ. ಜನರನ್ನು ಮಕ್ಕಳಂತೆ ನಡೆಸಿಕೊಳ್ಳದವರು ಬೇಕು ಎಂಬುದೇ ಅವರನ್ನು ಆರಿಸಲು ಕಾರಣ. ನಿಮಗೇನು ಕಲಿಯಬೇಕು ಎಂದು ಅವರು ಮೊದಲ ದಿನವೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಫಾರಂ ತುಂಬಬೇಕು ಎಂಬ ಉತ್ತರಗಳು ಬಂದವು. ಅವೇ ಪಾಠವಾದವು. ನೋಂದಣಿ ಅರ್ಜಿ ಕೂಡ ಪಠ್ಯವಾಯಿತು. ಕಲಿತವರು ಮತದಾರರಾದರು, ಆ ಮಾದರಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆಲ್ಲ ಹಬ್ಬಿತು. ಸಮುದಾಯ ಶಿಕ್ಷಣದ ಬೆಲೆ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ಅಕ್ಷರ. ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೋಗಬೇಡಿ. ಸುಮಾರು ಐವತ್ತು ಅಕ್ಷರ ಮುಗಿಯುವವರೆಗೆ ಓದಲು ಒಂದು ವಾಕ್ಯವೂ ಸಿಗುವುದಿಲ್ಲ, ಅಷ್ಟರಲ್ಲಿ ಜನ ಬರುವುದನ್ನೇ ನಿಲ್ಲಿಸಿರುತ್ತಾರೆ. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೋ ಫ್ರೇರಿ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ ಕಲಿಸಿದ ವಿಧಾನ ಬೇರೆ. ಅವರ ಬದುಕಿನಲ್ಲಿ ತೂಕವಿರುವ ಪದವೊಂದನ್ನು ಎತ್ತಿಕೊಳ್ಳುವುದು, ಅದರ ಚಿತ್ರ ತೋರಿಸಿ ಮೊದಲು ಮಾತಾಡಿಸುವುದು, ಆಮೇಲೆ ಪದ ಒಡೆಯುವುದು. ಕನ್ನಡದಲ್ಲಿ ‘ಕೂಲಿ’ ತೆಗೆದುಕೊಳ್ಳಿ. ಕೂಲಿ ಯಾರು ನಿಗದಿ ಮಾಡುತ್ತಾರೆ, ಲೆಕ್ಕ ಯಾರು ಬರೆದಿಡುತ್ತಾರೆ ಎಂದು ಹತ್ತು ನಿಮಿಷ ಮಾತು. ನಂತರ ಕೂ, ಲಿ ಬೇರೆ ಮಾಡಿ, ಕ ಮತ್ತು ಲ ಅಕ್ಷರಗಳ ಕಾಗುಣಿತದಲ್ಲಿ ಐದಾರು ರೂಪ ಬೋರ್ಡಿನ ಮೇಲೆ ಬರೆಯಿರಿ. ಈ ಎರಡೇ ಅಕ್ಷರಗಳಿಂದ ಕಾಲು, ಕಾಲ, ಕೀಲು, ಕುಲ ಎಂದು ಅವರೇ ಪದ ಕಟ್ಟುತ್ತಾರೆ. ಮೊದಲ ದಿನವೇ ತಾನೇ ಕಟ್ಟಿದ ಪದ ಓದಿದವರು ಎರಡನೆಯ ದಿನ ಬರುತ್ತಾರೆ.

ಅಂಜಿಕೋಸ್‌ನ ಕೆಲಸ ಸುಮಾರು 40 ಗಂಟೆಗಳಲ್ಲಿ ಮುಗಿಯಿತು ಎಂಬುದು ಹೆಸರಾದ ಸಂಗತಿ. ಆ ಸಂಖ್ಯೆಯನ್ನು ಹಿಡಿದು ಜನರಿಗೆ ಭರವಸೆ ಕೊಡಬೇಡಿ. ನಮ್ಮ ಲಿಪಿಯಲ್ಲಿ ಕಾಗುಣಿತ, ಒತ್ತಕ್ಷರ ಎರಡೂ ಇವೆ. ಒತ್ತಕ್ಷರವನ್ನು ಕೊನೆಗೆ ಇಟ್ಟುಕೊಳ್ಳುವುದೂ ತಪ್ಪು, ಏಕೆಂದರೆ ಅಮ್ಮ, ಅಪ್ಪ, ಅಕ್ಕ ಎಂದು ಬರೆಯಲೂ ಅದು ಬೇಕು. ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳನ್ನು ಎರಡನೆಯ ತಿಂಗಳಲ್ಲೇ ಕೊಡಿ, ಬೇರೆ ಒತ್ತು ಆಮೇಲೆ, ಅರ್ಕಾವತ್ತು ಕೊನೆಗೆ. ಬ-ಭ, ದ-ಧ-ಥ, ವ-ಮ ಮುಂತಾದ ಹೋಲುವ ಜೋಡಿಗಳನ್ನು ಒಂದೇ ದಿನ ಕಲಿಸಿದರೆ ತಿಂಗಳುಗಟ್ಟಲೆ ಗೊಂದಲ ಉಳಿಯುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು ತನ್ನಿ.

ಒಬ್ಬ ಕಲಿಸುವವರಿಗೆ ಎಂಟರಿಂದ ಹನ್ನೆರಡು ಜನ, ವಾರಕ್ಕೆ ಮೂರು ಸಲ, ಒಂದೂವರೆ ಗಂಟೆ. ತಿಂಗಳಿಗೆ ಸುಮಾರು 18 ಗಂಟೆಯಾಯಿತು. ಸರಾಗ ಓದಿಗೆ ಎಂಟು-ಹತ್ತು ತಿಂಗಳು ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ಪ್ರತಿ ಸಲ ಮೊದಲ ಕಾಲು ಗಂಟೆ ಹಿಂದಿನ ಪದಗಳಿಗೆ, ಕೊನೆಯ ಕಾಲು ಗಂಟೆ ಯಾರಾದರೂ ಮನೆಯಿಂದ ತಂದ ನಿಜವಾದ ಕಾಗದಕ್ಕೆ ಮೀಸಲಿರಲಿ. ಬರವಣಿಗೆ ಸ್ಲೇಟು ಅಥವಾ ದೊಡ್ಡ ಹಾಳೆಯಲ್ಲಿ ಶುರುವಾಗಲಿ. ದುಡಿದ ಕೈ ಪೆನ್ಸಿಲನ್ನು ಬಲವಾಗಿ ಒತ್ತುತ್ತದೆ, ಬೇಗ ನೋಯುತ್ತದೆ. ದಪ್ಪ ಪೆನ್ಸಿಲ್ ಇದ್ದರೆ ಹಗುರ. ಮಕ್ಕಳ ಪಠ್ಯಪುಸ್ತಕ ಮಾತ್ರ ಬೇಡವೇ ಬೇಡ. ಮೊಲ-ಆಮೆಯ ಪದ್ಯ ಓದಿಸಿದರೆ ಆತ್ಮಗೌರವಕ್ಕೆ ಪೆಟ್ಟು.

ಗಣಿತದಲ್ಲಿ ಪರಿಸ್ಥಿತಿ ತಿರುಗುಮುರುಗು. ಬಾಯಿಲೆಕ್ಕದಲ್ಲಿ ಹಲವರು ಕಲಿಸುವವರಿಗಿಂತ ಚುರುಕು. ಅವರಿಗೆ ಬೇಕಾದದ್ದು ಬರೆಯುವ ಕ್ರಮ ಮಾತ್ರ. ನೂರೈದನ್ನು 1005 ಎಂದು ಬರೆಯುವುದು ಸಾಮಾನ್ಯ ತಪ್ಪು, ಕೇಳಿದಂತೆ ನೂರು ಬರೆದು ಪಕ್ಕಕ್ಕೆ ಐದು ಸೇರಿಸುತ್ತಾರೆ. ಬಿಡಿ, ಹತ್ತು, ನೂರು ಎಂದು ಮನೆ ಎಳೆದು ನೋಟುಗಳನ್ನೇ ಇಟ್ಟು ತೋರಿಸಿ.

ಬಹಳ ಕಡೆ ಕಡೆಗಣಿಸುವುದು ಓದಿನ ವೇಗವನ್ನು. ಅಕ್ಷರ ಕೂಡಿಸಿ ಕೂಡಿಸಿ ಓದುವವರು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತುಹೋಗಿರುತ್ತದೆ, ಏಕೆಂದರೆ ಮನಸ್ಸು ಬಿಡಿ ತುಣುಕುಗಳನ್ನು ಹಿಡಿದಿಟ್ಟುಕೊಳ್ಳುವುದು ಕೆಲವೇ ಸೆಕೆಂಡು. ಅರ್ಥ ಸಿಗುವುದಿಲ್ಲ, ಹಾಗಾಗಿ ಓದುವುದನ್ನು ಬಿಡುತ್ತಾರೆ, ಒಂದೆರಡು ವರ್ಷದಲ್ಲಿ ಕಲಿತದ್ದೂ ಅಳಿಯುತ್ತದೆ. ಸಾಕ್ಷರತಾ ಅಭಿಯಾನಗಳ ನಂತರ ಜನ ಮತ್ತೆ ನಿರಕ್ಷರತೆಗೆ ಜಾರಲು ಇದು ದೊಡ್ಡ ಕಾರಣ. ತಿಂಗಳಿಗೊಮ್ಮೆ ಪ್ರತಿಯೊಬ್ಬರಿಂದ ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಎಷ್ಟು ಪದ ಆಯಿತೆಂದು ಬರೆದಿಡಿ. ಅವರ ಹಿಂದಿನ ತಿಂಗಳ ಲೆಕ್ಕದ ಜೊತೆ ಮಾತ್ರ ಹೋಲಿಸಿ, ಪಕ್ಕದವರ ಜೊತೆ ಬೇಡ. ಒಂದೇ ಪುಟವನ್ನು ಮೂರು ಸಲ ಓದಿಸುವುದು ವೇಗ ಹೆಚ್ಚಿಸುವ ಸರಳ ಉಪಾಯ.

ಬಿಟ್ಟುಹೋಗುವವರು ಸೋಮಾರಿಗಳಲ್ಲ. ಸುಗ್ಗಿ, ಪಾಳಿ ಬದಲಾವಣೆ, ಮಗುವಿಗೆ ಜ್ವರ, ಮನೆಯವರ ಚುಚ್ಚುಮಾತು, ಕಾರಣ ಇಂಥವೇ. ಎರಡು ತರಗತಿ ತಪ್ಪಿಸಿಕೊಂಡವರಿಗೆ ಪಾಠ ಕೈಮೀರಿದೆ ಅನ್ನಿಸಿ ನಾಚಿಕೆಯಾಗುತ್ತದೆ, ಮೂರನೆಯದಕ್ಕೆ ಕಾಲೇ ಬರುವುದಿಲ್ಲ. ಅದೇ ವಾರ ಯಾರಾದರೂ ಹೋಗಿ ಮಾತಾಡಿಸಿ, ತಪ್ಪಿದ ಪದಗಳ ಚೀಟಿ ಕೊಟ್ಟು ಬರಬೇಕು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಸ್ವಯಂಸೇವಕರನ್ನು ಪ್ರತ್ಯೇಕವಾಗಿ ನೇಮಿಸಿ. ತಾಯಂದಿರ ಹಾಜರಾತಿ ಇದನ್ನೇ ಅವಲಂಬಿಸಿದೆ.

ಸಹಿ ವಿಚಾರದಲ್ಲಿ ಒಂದು ಎಚ್ಚರಿಕೆ. ಎಲ್ಲರೂ ಮೊದಲು ಕೇಳುವುದು ಸಹಿಯನ್ನೇ, ಕಲಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಪಾಯ. ಹೆಬ್ಬೆಟ್ಟು ಒತ್ತುವವರಿಗೆ ಪತ್ರವನ್ನು ಓದಿ ಹೇಳಬೇಕು ಎಂಬ ಎಚ್ಚರ ಎದುರಿನವರಿಗೆ ಇರುತ್ತದೆ. ಸಹಿ ಹಾಕಿದವರು ಓದಿಯೇ ಹಾಕಿದರು ಎಂದು ಲೋಕ ಎಣಿಸುತ್ತದೆ. ಸಹಿಯ ಜೊತೆಗೇ ಪತ್ರದಲ್ಲಿ ಮೊತ್ತ, ಬಡ್ಡಿ, ಕೊನೆಯ ದಿನಾಂಕ, ಯಾರ ಹೆಸರು ಎಂಬ ನಾಲ್ಕನ್ನು ಹುಡುಕುವುದನ್ನು ಕಲಿಸಿ. ಓದದೆ ಸಹಿ ಹಾಕುವುದಿಲ್ಲ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವನ್ನೂ ತರಗತಿಯಲ್ಲೇ ಮಾಡಿಸಿ.

ಕಲಿಕೆಯ ಪುಸ್ತಕ ಮುಗಿದ ಮೇಲೆ ಗುಂಪನ್ನು ಚದುರಲು ಬಿಡಬೇಡಿ. ವಾರಕ್ಕೊಂದು ದಿನ ಸಾಕು. ಅವರೇ ಬರೆದ ನಾಲ್ಕೈದು ಸಾಲುಗಳ ಗೋಡೆಪತ್ರಿಕೆ, ಒಂದು ಸುದ್ದಿಯ ಓದು, ಊರಿನ ಯಾವುದಾದರೂ ಸಮಸ್ಯೆಯ ಬಗ್ಗೆ ಒಟ್ಟಿಗೆ ಬರೆದ ಅರ್ಜಿ. ಅರ್ಜಿಯ ಕರಡನ್ನು ಸ್ವಯಂಸೇವಕರು ತಿದ್ದಬಹುದು, ಬರೆಯಬಾರದು.