ದನದ ಎಮಿಷನ್, ಗಾಡಿ ಎಮಿಷನ್ – ಅಕ್ಕ ಕೇಳಿದ್ದಕ್ಕೆ

ಅಕ್ಕ, ನಿನ್ನೆ ಕೇಳಿದ್ರಲ್ಲ, ಗಾಡಿಗೆ ಎಮಿಷನ್ ಅಂತಾರೆ, ಈಗ ಪೇಪರಲ್ಲಿ ದನಕ್ಕೂ ಎಮಿಷನ್ ಅಂತ ಬರ್ತದೆ, ಮಗಳ ಫಿಸಿಕ್ಸ್ ಪುಸ್ತಕದಲ್ಲಿ ಬೆಳಕಿಗೂ ಅದೇ ಶಬ್ದ, ಇದೆಲ್ಲ ಒಂದೇನಾ ಅಂತ. ಶಬ್ದ ಒಂದೇ, ತನ್ನೊಳಗಿಂದ ಹೊರಗೆ ಬಿಡೋದು ಅಂತ ಅರ್ಥ. ಏನು ಬಿಡ್ತದೆ ಅನ್ನೋದು ಬೇರೆ ಬೇರೆ, ಅದು ನೋಡದೆ ಎಮಿಷನ್ ಅಂದ ಕೂಡ್ಲೇ ಹೊಗೆ ಅಂತ ತಿಳ್ಕೊಂಡ್ರೆ ಗಲಿಬಿಲಿ ಆಗ್ತದೆ.

ಗಾಡಿದು ನಿಮ್ಗೆ ಗೊತ್ತುಂಟು, ನಾವಿಲ್ಲಿ ಪೊಲ್ಯೂಷನ್ ಅಂತೇವೆ, ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಅದೇ ಎಮಿಷನ್ ಟೆಸ್ಟ್. ಪೆಟ್ರೋಲ್ ಗಾಡಿಗೆ ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್ ಅಳೀತಾರೆ, ಡೀಸೆಲಿಗೆ ಹೊಗೆ ಎಷ್ಟು ದಪ್ಪ ಅಂತ.

ದನದ್ದು ಮೀಥೇನ್. ಜಾಸ್ತಿ ಪಾಲು ಬಾಯಿಂದ್ಲೇ, ತೇಗಿನ ಜೊತೆ ಹೋಗ್ತದೆ. 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದಿಡ್ತದೆ. ಗೋಬರ್ ಗ್ಯಾಸಲ್ಲಿ ಉರಿಯೋದೂ ಇದೇ ಮೀಥೇನ್, ಹಾಗಾಗಿ ಪೈಪಿನ ಜಾಯಿಂಟಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರ್ತದಾ ನೋಡಿ, ಸುಮ್ಮನೆ ಲೀಕಾಗಿ ಹೋಗೋದಕ್ಕಿಂತ ಒಲೆಯಲ್ಲಿ ಉರಿದ್ರೆ ಎಷ್ಟೋ ಒಳ್ಳೇದು.

ಮಗಳ ಪುಸ್ತಕದ ಉತ್ಸರ್ಜನೆ ಅಂದ್ರೆ ಬೆಳಕು, ಬಿಸಿ ಬಿಡೋದು. ಎಲ್‌ಇಡಿಯ 'ಇ' ಕೂಡ ಎಮಿಟಿಂಗ್. ಅದನ್ನ ಅವಳಿಗೆ ಅಂಗಳದಲ್ಲೇ ತೋರಿಸ್ಬಹುದು ಅಕ್ಕ, ಒಣಗ್ಲಿಕ್ಕೆ ಹಾಕಿದ ನಮ್ಮ ಅಡಿಕೆಯೂ ಎಮಿಷನ್ ಮಾಡ್ತದೆ! ಹಗಲು ಹೀರಿದ ಬಿಸಿಯನ್ನ ರಾತ್ರಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣವಾಗಿ ಆಕಾಶಕ್ಕೆ ಬಿಡ್ತದೆ. ಮೋಡ ಇದ್ರೆ ಮೋಡವೂ ಕೆಳಗೆ ಬಿಸಿ ಕಳಿಸ್ತದೆ, ಹಾಗಾಗಿ ಅಷ್ಟು ತಣಿಯೋದಿಲ್ಲ, ಆದ್ರೆ ಡಿಸೆಂಬರ್ ಜನವರಿಯಲ್ಲಿ ಆಕಾಶ ಸ್ವಚ್ಛ ಇದ್ದ ದಿನ ಅಡಿಕೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ ಗಾಳಿಯ ಪಸೆಯೆಲ್ಲ ಅದರ ಮೇಲೆ ಬಂದು ಕೂರ್ತದೆ, ನಾವು ಮಂಜು ಬಿತ್ತು ಅಂತೇವೆ.

ಎರಡು ವರ್ಷ ಹಿಂದೆ ನಾನು ರಾತ್ರಿ ಅಡಿಕೆಗೆ ಟಾರ್ಪಾಲು ಹೊದಿಸುವಾಗ ಒಂದು ಮೂಲೆ ಮುಚ್ಚದೆ ಬಿಟ್ಟು ನೋಡಿದ್ದೇನೆ. ಬೆಳಿಗ್ಗೆ ಟಾರ್ಪಾಲಿನ ಮೇಲೆ ಕೈ ಎಳೆದ್ರೆ ನೀರು ಗೆರೆಯಾಗಿ ಇಳೀತು, ಅಡಿಯಲ್ಲಿ ಅಡಿಕೆ ಒಣ. ಬಿಟ್ಟ ಮೂಲೆಯದ್ದು ಒದ್ದೆ ಒದ್ದೆ. ಮಾವಿನ ಮರದ ಅಡಿಗೆ ಹರಡಿದ್ದು ಮಾತ್ರ ಮುಚ್ಚದಿದ್ರೂ ಒಣಗೇ ಇತ್ತು, ಮರವೇ ಆಕಾಶಕ್ಕೆ ಅಡ್ಡ ನಿಂತದ್ದಲ್ವಾ.

ಹಾಗಾಗಿ ಚಾಲಿ, ಅಂದ್ರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸೋ ಹಣ್ಣಡಿಕೆ, ರಾಶಿ ಮಾಡಿ ಮುಚ್ಚೋದಾದ್ರೆ ಬಿಸಿಲು ಇಳಿದ ಕೂಡ್ಲೇ ಮುಚ್ಚಿ, ಊಟ ಆಗ್ಲಿ ಅಂತ ಕಾಯ್ಬೇಡಿ. ಬೆಳಿಗ್ಗೆ ತೆಗೆಯುವಾಗ ಮೇಲಿನ ನೀರು ಅಡಿಕೆಗೆ ಚೆಲ್ಲದ ಹಾಗೆ ಒಂದೇ ಬದಿಯಿಂದ ಮಡಚ್ತಾ ಹೋಗಿ.